ಇನ್ನೂ ಒಡೆಯದ ಪೈಪು

ಪಡುಬಿದ್ರಿಯಲ್ಲಿ ಕಾರಿಗೆ ಹೀಟರ್ ಎಂತಕ್ಕೆ ಎಂದು ಕೇಳಿದರೆ ಥಟ್ಟನೆ ಕೊಡುವ ಉತ್ತರ ನನ್ನಲ್ಲಿಲ್ಲ. ಮೇ ತಿಂಗಳಲ್ಲಿ ಇಲ್ಲಿ ನಿಂತಲ್ಲೇ ಅಂಗಿ ಒದ್ದೆ. ಡಿಸೆಂಬರಿನಲ್ಲೂ ಫ್ಯಾನ್ ಆರಿಸಿ ಮಲಗುವವರು ಕಡಿಮೆ. ಆದರೂ ನಮ್ಮ ಹಳೇ ಕ್ವಾಲಿಸಿನಲ್ಲಿ ಹೀಟರ್ ಉಂಟು. ಮೊಮ್ಮಕ್ಕಳು ಆಟಕ್ಕೆ ತಿರುಗಿಸಿ ಬೈಸಿಕೊಂಡದ್ದು ಬಿಟ್ಟರೆ ಅದಕ್ಕೆ ಬೇರೆ ಉಪಯೋಗವೇನೂ ಆದಂತಿಲ್ಲ. ಆದರೆ ನಾವು ಹಾಕಲಿ ಬಿಡಲಿ, ಎಂಜಿನ್ನಿನ ಬಿಸಿನೀರು ಅತ್ತ ಹೋಗಿಬರಲು ದಾರಿ ಇದ್ದೇ ಇದೆ. ಆ ದಾರಿಯಲ್ಲಿ ರಬ್ಬರಿನ ಹೋಸು, ಹೋಸಿನ ಕೊರಳಿಗೆ ಕ್ಲಿಪ್ಪು, ಹೋಸುಗಳು ಕೂಡುವಲ್ಲಿ ಹಿಂದೆ ಯಾರೋ ಮೆಕ್ಯಾನಿಕ್ ಕೂರಿಸಿದ, ಹೆಬ್ಬೆರಳಿನಷ್ಟೇ ದೊಡ್ಡ, ಇಂಗ್ಲಿಷಿನ T ಆಕಾರದ ಪ್ಲಾಸ್ಟಿಕ್ ಟೀ. ಈ ಪ್ರಬಂಧದ ಕಥಾನಾಯಕ ಇದೇ ಟೀ.

ಕ್ವಾಲಿಸ್ ಬಿಡದಿಯ ಕೂಸು. 2000ದಲ್ಲಿ ರಸ್ತೆಗಿಳಿದು, 2005ರಲ್ಲಿ ಇನ್ನೋವಾಕ್ಕೆ ಜಾಗ ಬಿಟ್ಟಿತು. ಅಂದರೆ ಇವತ್ತು ಓಡುತ್ತಿರುವ ಕ್ವಾಲಿಸುಗಳಲ್ಲಿ ಎಲ್ಲಕ್ಕಿಂತ ಕಿರಿಯದಕ್ಕೂ ಇಪ್ಪತ್ತು ತುಂಬಿತು. ಕಂಪನಿ ನಿಲ್ಲಿಸಿತೆಂದು ನಾವೇನು ನಿಲ್ಲಿಸುತ್ತೇವೆಯೇ? ಮದುವೆಗೆ ಹೋಗುವಾಗ ಹತ್ತು ಜನ, ಕೋಲಕ್ಕೆ ಹೋಗುವಾಗ ಹನ್ನೆರಡು, ಬರುವಾಗ ನಡುವೆ ಎರಡು ಹಲಸಿನ ಹಣ್ಣು.

ನಮ್ಮ ಮೆಕ್ಯಾನಿಕ್ ಆಯಿಲ್ ಬದಲಿಸಲು ಬಾನೆಟ್ ಎತ್ತಿದವ, ಕೇಳದೆಯೇ ಹೋಸುಗಳನ್ನು ಒತ್ತಿ ನೋಡಿದ.

“ಮಾಷ್ಟ್ರೆ, ಇದನ್ನೆಲ್ಲ ಒಮ್ಮೆ ಬದಲ್ ಮಾಡುವ.”

“ಲೀಕ್ ಉಂಟಾ?”

“ಇಲ್ಲ.”

“ಮತ್ತೆಂತಕ್ಕೆ?”

“ಲೀಕ್ ಆದ ಮೇಲೆ ನಾನು ಬೇಡ ಮಾಷ್ಟ್ರೆ, ಕ್ರೇನ್ ಬೇಕಾಗ್ತದೆ.”

ಅವನು ಬಿಡಿಸಿ ಹೇಳಿದ ಮೇಲೆ ನನ್ನೊಳಗಿನ ಮಾಷ್ಟ್ರಿಗೂ ವಿಷಯ ಹಿಡಿಸಿತು. ರೇಡಿಯೇಟರ್ ಕ್ಯಾಪಿನ ಮೇಲೆ ಸಾಮಾನ್ಯವಾಗಿ 0.9 ಅಥವಾ 1.1 ಎಂದು ಅಚ್ಚಾಗಿರುತ್ತದೆ. ಹೊರಗಿನ ಗಾಳಿಗಿಂತ ಅಷ್ಟು ಬಾರ್ ಹೆಚ್ಚಿನ ಒತ್ತಡದಲ್ಲಿ ಅದು ನೀರನ್ನು ಅದುಮಿ ಹಿಡಿಯುತ್ತದೆ. ಹಾಗೆ ಹಿಡಿದದ್ದರಿಂದ 100 ಡಿಗ್ರಿಗೆ ಕುದಿಯಬೇಕಾದ ಬರೀ ನೀರೂ 118ರ ಸುಮಾರಿನವರೆಗೆ ಕುದಿಯುವುದಿಲ್ಲ. ಈ ಶಾಖ, ಈ ಒತ್ತಡ ಎರಡನ್ನೂ ತಡೆಯಬೇಕಾದ್ದು ಹೋಸು ಮತ್ತು ಟೀ. ದಿನಾ ಕಾದು ಹಿಗ್ಗಿ, ತಣಿದು ಕುಗ್ಗಿ, ವರ್ಷಗಳಾದ ಮೇಲೆ ರಬ್ಬರು ಕ್ಲಿಪ್ಪಿನ ಪಕ್ಕ ಒಳಗಿಂದಲೇ ಬಿರಿಯುತ್ತದೆ. ಹೊರಗೆ ನೋಡಿದರೆ ಕಪ್ಪಗೆ ಲಕ್ಷಣವಾಗಿಯೇ ಇರುತ್ತದೆ. ಪ್ಲಾಸ್ಟಿಕ್ಕು ಬಾಗುವ ಗುಣವನ್ನೇ ಕಳಕೊಳ್ಳುತ್ತದೆ. ಒಡೆದ ಕ್ಷಣ ಒತ್ತಡ ಹೋಯಿತು, ಉಳಿದ ನೀರು ಕೊತಕೊತ ಕುದಿದು ಆವಿಯಾಯಿತು, ಗ್ಯಾಸ್ಕೆಟ್ ಸುಟ್ಟಿತು, ಹೆಡ್ ಬಾಗಿತು. ಇದರಲ್ಲೊಂದು ಮೋಸವೂ ಉಂಟು. ಶಾಖ ಅಳೆಯುವ ಸೆನ್ಸರು ನೀರಿನಲ್ಲಿ ಮುಳುಗಿರಬೇಕು. ನೀರೇ ಖಾಲಿಯಾದರೆ ಮೀಟರಿನ ಮುಳ್ಳು ಕೆಲವೊಮ್ಮೆ ಕೆಳಗಿಳಿಯುತ್ತದೆ. ‘ಹಾ, ತಂಪಾಯಿತು’ ಎಂದು ಡ್ರೈವರ್ ಇನ್ನಷ್ಟು ಒತ್ತುತ್ತಾನೆ.

ಅದು ಮನೆಯಂಗಳದಲ್ಲಿ ಒಡೆಯುವುದೂ ಅಪರೂಪ. ಒಡೆದರೆ ಕಾರ್ಕಳ, ಹೆಬ್ರಿ ದಾಟಿ, ಸೋಮೇಶ್ವರದಿಂದ ಆಗುಂಬೆಯ 14 ತಿರುವುಗಳನ್ನು ಎಸಿ ಹಾಕಿಕೊಂಡು ಸೆಕೆಂಡ್ ಗೇರಿನಲ್ಲಿ ಹತ್ತುವಾಗಲೇ ಒಡೆಯಬೇಕು. ಪಕ್ಕದ ಎಲ್ಲೂರಿನ 1,200 ಮೆಗಾವಾಟ್ ಸ್ಥಾವರಕ್ಕಾದರೆ ತಂಪಾಗಲು ಅರಬ್ಬಿ ಸಮುದ್ರವೇ ಉಂಟು. ಘಟ್ಟದ ನಡುವಿನ ಕ್ವಾಲಿಸಿಗೆ ಹಿಂದಿನ ಸೀಟಿನ ಅತ್ತೆಯ ಕುಡಿಯುವ ನೀರಿನ ಬಾಟಲಿ.

ನಮ್ಮ ಭಾವ ಇದನ್ನೆಲ್ಲ ಒಪ್ಪುವವರಲ್ಲ. “ಓಡ್ತಾ ಉಂಟಲ್ಲ ಭಾವ, ಓಡುವುದನ್ನು ಮುಟ್ಟಬಾರದು” ಎಂಬುದು ಅವರ ಸಿದ್ಧಾಂತ. ಅದೇ ಹೊತ್ತಿಗೆ ಅವರ ಕಂಕುಳಲ್ಲಿ ಊರ ದೇವಸ್ಥಾನದ ಬ್ರಹ್ಮಕಲಶದ ರಶೀದಿ ಪುಸ್ತಕವಿತ್ತು. ನಾನು ಬಿಡಲಿಲ್ಲ. ಮೂರ್ತಿಯನ್ನು ಪೀಠಕ್ಕೆ ಹಿಡಿದಿಡುವ, ಅಭಿಷೇಕದ ನೀರು ಬುಡಕ್ಕೆ ಇಳಿಯದಂತೆ ತಡೆಯುವ ಎಂಟು ದ್ರವ್ಯಗಳ ಅಂಟು ತಾನೇ ಅಷ್ಟಬಂಧ? ಹನ್ನೆರಡು ವರ್ಷಕ್ಕೊಮ್ಮೆ, ಬ್ರಹ್ಮಕಲಶದ ಹೊತ್ತಿಗೆ, ಅದನ್ನು ತೆಗೆದು ಹೊಸತು ಹಾಕುತ್ತಾರೆ. ದೇವರು ಅಲುಗಾಡುತ್ತಿದ್ದಾರೆಂದು ಯಾರಾದರೂ ದೂರು ಕೊಟ್ಟಿದ್ದರೇ? ನೀರು ನಿಲ್ಲಿಸುವ ಬಂಧ ಎಲ್ಲಿದ್ದರೂ ಒಂದೇ, ಒಡೆಯುವ ಮೊದಲು ತೆಗೆಯಬೇಕು.

ಭಾವ ಒಂದು ಕ್ಷಣ ಯೋಚಿಸಿದರು. “ದೇವರಿಗಾದರೆ ಊರವರು ವಂತಿಗೆ ಕೊಡ್ತಾರೆ. ನಿಮ್ಮ ಕ್ವಾಲಿಸಿಗೆ ಯಾರು ಕೊಡುವುದು?”

ಅದಕ್ಕೆ ನನ್ನಲ್ಲಿ ಮಾತಿರಲಿಲ್ಲ. ಸುಲಭದ ದಾರಿಯನ್ನೂ ಅವರೇ ತೋರಿಸಿದರು: ಹೀಟರನ್ನೇ ಕಳಚಿ, ಅಡ್ಡ ಪೈಪು ಹಾಕಿ ಬೈಪಾಸ್ ಮಾಡುವುದು. ಕರಾವಳಿಯಲ್ಲಿ ಹಾಗೆ ಮಾಡುವವರಿದ್ದಾರೆ. ಆದರೆ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ಆಗುಂಬೆಯಲ್ಲಿ, ಜುಲೈಯಲ್ಲಿ, ಮುಂದಿನ ಗಾಜಿಗೆ ಒಳಗಿಂದ ಮಂಜು ಕಟ್ಟಿದಾಗ ಬಿಸಿಗಾಳಿಯೂ ಬೇಕಾಗುತ್ತದೆ. ಹೀಟರ್ ಉಳಿಯಿತು.

ಮೆಕ್ಯಾನಿಕ್ ಹೋಸು, ಕ್ಲಿಪ್ಪುಗಳೆಲ್ಲ ಹೊಸತು ತರಿಸಿದ. ಪ್ಲಾಸ್ಟಿಕ್ಕಿನ ಜಾಗಕ್ಕೆ ಹಿತ್ತಾಳೆಯ ಟೀ. ಬಾವಿ ನೀರು ಸುರಿಯಲು ಕೊಡವೆತ್ತಿದ ನನ್ನ ಹೆಂಡತಿಯನ್ನು “ಅಕ್ಕ, ಅದು ಬೇಡ” ಎಂದು ತಡೆದ. ಕಡಲ ಬದಿಯ ಬಾವಿಗಳಲ್ಲಿ ಉಪ್ಪಿನಂಶ ಇರಬಹುದು, ಲೋಹವನ್ನು ತಿನ್ನುತ್ತದೆ. ಕೂಲೆಂಟಿಗೆ ಬೆರೆಸಲು ಡಿಸ್ಟಿಲ್ಡ್ ವಾಟರೇ ಆಗಬೇಕು.

ಹಳೇ ಹೋಸನ್ನು ತಿರುಚಿ ಎಳೆಯುವಾಗ ಟೀಯ ಒಂದು ಕಾಲು ಲಟಕ್ಕೆಂದು ಮುರಿದು ಹೋಸಿನೊಳಗೇ ಉಳಿಯಿತು. ನಾನು ಗೆದ್ದವನಂತೆ ಭಾವನ ಮುಖ ನೋಡಿದೆ.

“ಕಂಡಿರಾ? ಮುಟ್ಟಿದ್ದಕ್ಕೇ ಒಡೆದದ್ದು” ಎಂದರು ಅವರು.

ನಿಮ್ಮದೂ ಹತ್ತು ವರ್ಷ ದಾಟಿದ ಗಾಡಿಯಾದರೆ, ಘಟ್ಟ ಹತ್ತುವ ಮೊದಲು ಎಂಜಿನ್ ಪೂರ್ತಿ ತಣಿದಿರುವಾಗ ಹೋಸನ್ನು ಕ್ಲಿಪ್ಪಿನ ಪಕ್ಕದಲ್ಲಿ ಒತ್ತಿ ನೋಡಿ. ತೀರ ಗಟ್ಟಿಯಾಗಿದ್ದರೂ, ಮೆತ್ತಗೆ ಉಬ್ಬಿದ್ದರೂ ಬದಲಿಸಿ. ಪ್ಲಾಸ್ಟಿಕ್ ಟೀಯನ್ನು ಮಾತ್ರ, ಹೊಸತು ಕೈಯಲ್ಲಿ ಇಟ್ಟುಕೊಳ್ಳದೆ ಅಲುಗಾಡಿಸಿ ಪರೀಕ್ಷಿಸಲು ಹೋಗಬೇಡಿ.