ಕೆಂಗೇರಿಯ ನಲವತ್ತೆಂಟು ಪೈಸೆ

2024ರ ಜೂನ್. ರಾಜ್ಯ ಸರ್ಕಾರ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿದೆ. ಬೆಂಗಳೂರಲ್ಲಿ ಲೀಟರಿಗೆ 102.84 ರೂಪಾಯಿ. ಬಸವನಗುಡಿಯ ರಾಯರು ಹೆಲ್ಮೆಟ್ ತೆಗೆಯುತ್ತಾ ಮನೆಯೊಳಗೆ ಬಂದರು.

"ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ರಿ?"

"ಕೆಂಗೇರಿಗೆ ಕಣೇ. ಅಲ್ಲೊಂದು ಬಂಕಲ್ಲಿ ಲೀಟರಿಗೆ 12 ಪೈಸೆ ಕಮ್ಮಿ. 4 ಲೀಟರ್ ಹಾಕಿಸ್ದೆ, 48 ಪೈಸೆ ಉಳೀತು."

"ಹೋಗಿ ಬರೋಕೆ ಸುಟ್ಟ ಪೆಟ್ರೋಲು?"

"ಅದು ಖರ್ಚಿನ ಲೆಕ್ಕ. ನಾನು ಹೇಳ್ತಿರೋದು ಉಳಿತಾಯದ್ದು."

(ಬಜೆಟ್ ಬರೆಯುವವರಿಗೂ ಇದೇ ಮೇಷ್ಟ್ರು ಪಾಠ ಹೇಳಿರಬೇಕು.)

"ಇಳಿಜಾರಲ್ಲೆಲ್ಲ ನ್ಯೂಟ್ರಲ್, ಸಿಗ್ನಲ್ಲಲ್ಲಿ ಎಂಜಿನ್ ಆಫ್. ಹಿಂದಿನವನು ಹಾರ್ನ್ ಹೊಡೀತಾನೆ, ಹೊಡೀಲಿ."

"ಸ್ಕೂಟರಿಗೆಲ್ಲಿದೆ ರೀ ನ್ಯೂಟ್ರಲ್ಲು?"

"ಆಕ್ಸಿಲರೇಟರ್ ಬಿಟ್ಟು ಉಸಿರು ಬಿಗಿ ಹಿಡೀತೀನಿ."

"ಸರಿ, ನಾನು ಮಲ್ಲೇಶ್ವರಕ್ಕೆ ಹೊರಟೆ."

"ಸ್ಕೂಟರಲ್ಲಿ ಡ್ರಾಪ್ ಮಾಡೋಕೆ ಮಾತ್ರ ಆಗಲ್ಲ!"

"ಯಾರು ಕೇಳಿದ್ರು? ಶಕ್ತಿ ಯೋಜನೆ ಇದೆ, ಹೆಂಗಸರಿಗೆ ಸರ್ಕಾರಿ ಬಸ್ಸು ಫ್ರೀ."

"ಫ್ರೀ ಅಲ್ಲ ಕಣೇ, ಅದರ ಟಿಕೆಟ್ ನಾನು ಕೆಂಗೇರಿಯಲ್ಲಿ ತಗೊಂಡು ಬಂದಿದ್ದೀನಿ!"

"ಹಾಗಾದ್ರೆ ನಾಳೆನೂ ಹೋಗಿಬನ್ನಿ. ನಮ್ಮಮ್ಮನ್ನ ಕರ್ಕೊಂಡು ಧರ್ಮಸ್ಥಳಕ್ಕೆ ಹೋಗೋದಿದೆ."