ನೊರೆ ಎಬ್ಬಿಸುವವರ ಗಮನಕ್ಕೆ

ಅಭಿನಂದನೆಗಳು. ತಾವು ಒಂದು ಬಿಲ್ಲೆ ಶೇವಿಂಗ್ ಸೋಪು ಮತ್ತು ಒಂದು ಬ್ರಶ್ಶಿನ ಮಾಲೀಕರಾಗಿದ್ದೀರಿ. ಬೆರಳೊತ್ತಿದರೆ ಬುಸ್ಸೆಂದು ನೊರೆ ಕಕ್ಕುವ ಡಬ್ಬಿ ಅದೇ ಅಂಗಡಿಯ ಅದೇ ಕಪಾಟಿನಲ್ಲಿದ್ದರೂ ಇದನ್ನೇ ಕೊಂಡಿದ್ದೀರಿ. ಆದ್ದರಿಂದ ತಮ್ಮ ಬಳಿ ಬೆಳಿಗ್ಗೆ ಹತ್ತು ನಿಮಿಷ ಹೆಚ್ಚಿಗೆ ಇದೆ ಎಂದು ಭಾವಿಸಿ ಈ ಕೈಪಿಡಿ ಸಿದ್ಧಪಡಿಸಲಾಗಿದೆ. ಇಲ್ಲದವರು ಗಡ್ಡ ಬಿಡತಕ್ಕದ್ದು.

ಮೊದಲಿಗೆ ಪರಿಕರಗಳ ಪರಿಶೀಲನೆ. ಸೋಪು ಶೇವಿಂಗ್ ಸೋಪೇ ಆಗಿರಬೇಕು. ಮೈಸೂರು ಸ್ಯಾಂಡಲ್ ಎಷ್ಟೇ ಘಮಘಮಿಸಲಿ, ಮೈಸೋಪನ್ನು ಗಡ್ಡದ ಕೆಲಸಕ್ಕೆ ನಿಯೋಜಿಸುವಂತಿಲ್ಲ. ಮೈಸೋಪು ಸೋಡಿಯಂ ಕ್ಷಾರದಿಂದ ಆದದ್ದು. ಅದರ ನೊರೆ ಧಾರಾಳವಾಗಿ ಏಳುತ್ತದೆ, ಬಲಗೆನ್ನೆ ಮುಗಿಸಿ ಎಡಗೆನ್ನೆಗೆ ಬರುವಷ್ಟರಲ್ಲಿ ಇಳಿದುಹೋಗಿರುತ್ತದೆ. ಶೇವಿಂಗ್ ಸೋಪಿಗೆ ಪೊಟ್ಯಾಸಿಯಂ ಕ್ಷಾರವನ್ನೂ ಸೇರಿಸುತ್ತಾರೆ, ಸ್ಟಿಯರಿಕ್ ಆಮ್ಲವನ್ನು ಕೈಬಿಚ್ಚಿ ಹಾಕುತ್ತಾರೆ. ಅದರಿಂದಲೇ ಗುಳ್ಳೆ ಸಣ್ಣದಾಗಿ, ಒತ್ತಾಗಿ, ಒಡೆಯದೆ ನಿಲ್ಲುವುದು.

ಬ್ರಶ್ಶು ಹಂದಿ ಕೂದಲಿನದಾದರೆ ಮುಂಚಿತವಾಗಿಯೇ ನೀರಿನಲ್ಲಿ ನೆನೆಯಬೇಕು. ಹೊಸದರಲ್ಲಿ ಅದು ಚುಚ್ಚುತ್ತದೆ. ವಾರಗಟ್ಟಲೆ ಬಳಸಿದ ಮೇಲೆ ಕೂದಲಿನ ತುದಿ ಸೀಳಿ ಮೆತ್ತಗಾಗುತ್ತದೆ. ಮನೆಯಲ್ಲಿ ಮಡಿ ಮಾಡುವ ಹಿರಿಯರಿದ್ದಲ್ಲಿ ಸದರಿ ವಸ್ತುವನ್ನು ‘ಬ್ರಶ್ಶು’ ಎಂದಷ್ಟೇ ಕರೆಯುವುದು, ಹೆಚ್ಚಿನ ವಿವರ ಒದಗಿಸದಿರುವುದು. ನೈಲಾನಿನದಾದರೆ ನೆನೆಸುವ ಕೆಲಸವಿಲ್ಲ, ಮಡಿಯ ತಕರಾರೂ ಇಲ್ಲ. ಯಾವುದೇ ಆಗಲಿ, ಕುದಿಯುವ ನೀರಿಗೆ ಅದ್ದಬಾರದು, ಬುಡದ ಅಂಟು ಬಿಡುತ್ತದೆ.

ಸುರಕ್ಷತಾ ಸೂಚನೆ: ಬ್ರಶ್ಶನ್ನು ಹಗುರವಾಗಿ ಪರಿಗಣಿಸಬೇಡಿ. ಮೊದಲ ಮಹಾಯುದ್ಧದ ಕಾಲದಲ್ಲಿ ಸರಿಯಾಗಿ ಶುದ್ಧಿ ಮಾಡದ ಕುದುರೆ ಕೂದಲಿನ ಬ್ರಶ್ಶುಗಳಿಂದ ಬ್ರಿಟನ್ ಮತ್ತು ಅಮೆರಿಕದ ಸೈನಿಕರಿಗೆ ಆಂಥ್ರಾಕ್ಸ್ ತಗುಲಿತ್ತು. ದನಕರುಗಳ ರೋಗ, ಬ್ಲೇಡು ಮಾಡಿದ ಗೀರಿನೊಳಗಿಂದ ಮನುಷ್ಯರಿಗೆ! 1920ರಲ್ಲಿ ಬ್ರಿಟನ್ ಸರ್ಕಾರ ಜಪಾನಿನಿಂದ ಬರುವ ಶೇವಿಂಗ್ ಬ್ರಶ್ಶುಗಳನ್ನೇ ನಿಷೇಧಿಸಿತು. ಈಗ ಆ ಭಯವಿಲ್ಲ. ಆದರೂ ಒಬ್ಬರ ಬ್ರಶ್ಶು ಇನ್ನೊಬ್ಬರು ಬಳಸತಕ್ಕದ್ದಲ್ಲ, ಬೀಗರಾದರೂ ಸರಿ.

ಇನ್ನು ನೀರು. ಎಡವುವವರೆಲ್ಲ ಎಡವುವುದು ಇಲ್ಲಿಯೇ, ಹೀಗಾಗಿ ಈ ಭಾಗವನ್ನು ಎರಡು ಸಲ ಓದಿಕೊಳ್ಳುವುದು. ನೊರೆ ಎಂದರೆ ಗಾಳಿ ತುಂಬಿದ ಸೋಪು ಎಂಬ ನಂಬಿಕೆ ಚಾಲ್ತಿಯಲ್ಲಿದೆ. ಅಲ್ಲ. ನೊರೆ ಎಂದರೆ ಕೆನ್ನೆಯಿಂದ ಜಾರಿಹೋಗದಂತೆ ನಿಲ್ಲಿಸಿಕೊಂಡ ನೀರು. ಸೋಪು ಅದಕ್ಕೆ ಜಾಮೀನು. ಒಣ ಗಡ್ಡ ಬ್ಲೇಡಿಗೆ ಎದುರು ನಿಲ್ಲುತ್ತದೆ, ಎರಡು ಮೂರು ನಿಮಿಷ ಬಿಸಿನೀರು ಕುಡಿದ ಗಡ್ಡ ತಲೆ ತಗ್ಗಿಸುತ್ತದೆ. ಇಷ್ಟೂ ಖಟಾಟೋಪ ಆ ಎರಡು ಮೂರು ನಿಮಿಷಕ್ಕಾಗಿ.

ಕಾವೇರಿ ನೀರು ಬರುವ ಮನೆಯವರು ಈ ಪ್ಯಾರಾ ಮತ್ತು ಮುಂದಿನ ಪ್ಯಾರಾ ಬಿಟ್ಟು ಓದಬಹುದು. ಬೋರ್‌ವೆಲ್ ನೀರಿನವರು, ಟ್ಯಾಂಕರಿನವರು ಇಲ್ಲೇ ಕೂರಿ. ನಿಮ್ಮ ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಂಬವು ಸೋಪು ಕಂಡೊಡನೆ ಅದಕ್ಕೆ ಗಂಟುಬಿದ್ದು ಕರಗದ ಬಿಳಿ ಗಸಿಯಾಗುತ್ತವೆ. ಬಕೆಟ್ಟಿನ ಒಳಗೋಡೆಗೆ ಕಟ್ಟುವ ಪಟ್ಟೆ ಅದೇ. ಅವುಗಳ ಪಾಲು ಸಂದ ಮೇಲೆ ಉಳಿದ ಸೋಪಷ್ಟೇ ನಿಮ್ಮ ನೊರೆಗೆ. 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಅಬರ್ಡೀನಿನಲ್ಲಿದ್ದ ರಸಾಯನಶಾಸ್ತ್ರದ ಪ್ರಾಧ್ಯಾಪಕ ಥಾಮಸ್ ಕ್ಲಾರ್ಕ್ ನೀರಿನ ಗಡಸುತನ ಅಳೆದದ್ದೇ ಹೀಗೆ. ನೀರಿಗೆ ಸೋಪಿನ ದ್ರಾವಣ ಹಾಕುತ್ತಾ ಬಾಟಲಿ ಕುಲುಕುವುದು. ನೊರೆ ಐದು ನಿಮಿಷ ನಿಂತಿತೋ, ಅಷ್ಟರಲ್ಲಿ ಎಷ್ಟು ಸೋಪು ಹೋಯಿತು ಎಂದು ಲೆಕ್ಕ ಹಾಕುವುದು. ಬೆಂಗಳೂರಿನ ಹೊರವಲಯದ ಬಡಾವಣೆಗಳ ಬಚ್ಚಲುಗಳಲ್ಲಿ ಈ ಪ್ರಯೋಗ ದಿನಾ ಬೆಳಿಗ್ಗೆ ನಡೆಯುತ್ತಿದೆ, ಫಲಿತಾಂಶ ಯಾರೂ ಬರೆದಿಡುತ್ತಿಲ್ಲ ಅಷ್ಟೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದು, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ ನಡೆದೀತು ಎನ್ನುತ್ತದೆ ಭಾರತೀಯ ಮಾನಕ. ಗಡ್ಡದ ನೀರಿನ ಬಗ್ಗೆ ಸರ್ಕಾರ ಮೌನವಾಗಿದೆ.

ಪರಿಹಾರ: ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಮೇಲಿನ ತಿಳಿ ಬಗ್ಗಿಸಿಕೊಳ್ಳುವುದು. ಗಡಸುತನದ ಒಂದು ಪಾಲು ಪಾತ್ರೆಯ ತಳದಲ್ಲಿ ಕೂರುತ್ತದೆ. ಗೀಸರಿನ ಕಾಯಿಲ್ಲಿಗೆ ಕಟ್ಟುವ ಬಿಳಿ ಸಿಪ್ಪೆ ಅದರದೇ ಬಳಗ. ಎಲ್ಲವೂ ಹೋಗುವುದಿಲ್ಲ. ಅಡುಗೆಮನೆಯ ಆರ್‌ಓ ನೀರು ಇನ್ನೂ ಉತ್ತಮ, ಒಂದು ಲೋಟ ಸಾಕು. ಆದರೆ “ಏನ್ರೀ, ಕುಡಿಯೋ ನೀರಲ್ಲಿ ಗಡ್ಡ ಕೆರ್ಕೋತೀರಾ?” ಎಂಬ ಪ್ರಶ್ನೆಗೆ ಈ ಕೈಪಿಡಿ ಉತ್ತರ ಒದಗಿಸುವುದಿಲ್ಲ. ಮಳೆಗಾಲದಲ್ಲಿ ಸೂರಿನ ನೀರು ಹಿಡಿದಿಟ್ಟುಕೊಂಡವರು ಜಾಣರು.

ಈಗ ಕಾರ್ಯವಿಧಾನ. ಸೋಪಿನ ಬಿಲ್ಲೆಯ ಮೇಲೆ ಒಂದು ಚಮಚ ಬಿಸಿನೀರು ಬಿಟ್ಟು, ಮುಖ ತೊಳೆದು ಬರುವವರೆಗೆ ಹಾಗೇ ಬಿಡುವುದು. ಬ್ರಶ್ಶನ್ನು ನೀರಿನಿಂದೆತ್ತಿ, ಹನಿ ತೊಟ್ಟಿಕ್ಕುವುದು ನಿಲ್ಲುವವರೆಗೆ ಕೊಡವಿ, ಬಿಲ್ಲೆಯ ಮೇಲೆ ಗುಂಡಗೆ ತಿರುಗಿಸುವುದು. ಒತ್ತಬಾರದು. ಒತ್ತಿದರೆ ನಡುವಿನ ಕೂದಲು ಮುರಿದು ಕೆನ್ನೆಗೆ ಅಂಟಿಕೊಳ್ಳುತ್ತದೆ, ಅದನ್ನು ತಮ್ಮ ಗಡ್ಡವೆಂದೇ ಕೆರೆಯುತ್ತಾ ನಿಲ್ಲುತ್ತೀರಿ. ಹತ್ತೆಣಿಸಿ ನಿಲ್ಲಿಸುವವರೇ ಹೆಚ್ಚು. ಸೋಪಿನ ವಿಷಯದಲ್ಲಿ ನಮ್ಮವರಿಗೆ ಅದೇನು ಜಿಪುಣತನವೋ ಕಾಣೆ. ಬಿಲ್ಲೆ ತಿಂಗಳುಗಟ್ಟಲೆ ಬರುತ್ತದೆ, ಅಳುಕದೆ ಅರ್ಧ ನಿಮಿಷ ತಿರುಗಿಸಿ. ಮೊದಲು ಪೊಳ್ಳು ಗುಳ್ಳೆ ಬರುತ್ತದೆ, ಲೆಕ್ಕಕ್ಕಿಲ್ಲ. ಆಮೇಲೆ ಕೂದಲಿನ ತುದಿಗೆ ಬಿಳಿ ಅಂಟು ಮೆತ್ತಿಕೊಳ್ಳುತ್ತದೆ, ಬಿಲ್ಲೆಯ ಮೇಲೆ ಬ್ರಶ್ಶು ಜಾರುವ ಸದ್ದು ಕರಕರ ಬಿಟ್ಟು ಪಿಸಪಿಸ ಎನ್ನುತ್ತದೆ. ಸೋಪು ಸಾಕಾಯಿತೆಂಬುದಕ್ಕೆ ಅದೇ ರುಜು.

ಇಲ್ಲಿಂದ ಬಟ್ಟಲಿಗಾಗಲಿ ಮುಖಕ್ಕಾಗಲಿ ಹೋಗಬಹುದು. ಕಟಿಂಗ್ ಶಾಪಿನವರು ಬಟ್ಟಲು ಮುಟ್ಟುವುದಿಲ್ಲ; ಮಗ್ಗಿನ ನೀರಿಗೆ ಬ್ರಶ್ಶಿನ ತುದಿಯನ್ನಷ್ಟೇ ತಾಗಿಸಿ, ಮಣಿಕಟ್ಟು ಆಡಿಸುತ್ತಾ, ಕಣ್ಣು ಟೀವಿಯ ಮೇಲಿಟ್ಟು, ಗಿರಾಕಿಯ ಗಲ್ಲದ ಮೇಲೆಯೇ ನೊರೆ ಕಟ್ಟುತ್ತಾರೆ. ತಾವು ಟೀವಿ ಇಲ್ಲದೆ ಅಭ್ಯಾಸ ಮಾಡುವುದು. ಬೆರಳ ತುದಿಯಿಂದ ನಾಲ್ಕು ಹನಿ, ಮತ್ತೆ ತಿರುಗಿಸು. ಮತ್ತೆ ನಾಲ್ಕು ಹನಿ, ಮತ್ತೆ ತಿರುಗಿಸು. ನೊರೆ ಒಣಗಿ ಕೆನ್ನೆಯನ್ನು ಬಿಗಿಹಿಡಿದರೆ ನೀರು ಕಡಿಮೆ. ದೊಡ್ಡ ಗುಳ್ಳೆಗಳೆದ್ದು ಟಪ್ಪೆಂದು ಒಡೆದು ಕತ್ತಿನ ಮೇಲೆ ಹರಿದರೆ ನೀರು ಅವಸರದಲ್ಲಿ ಬಿದ್ದಿದೆ, ಬಿಲ್ಲೆಗೆ ವಾಪಸು. ಸರಿಯಾದ ಹದದಲ್ಲಿ ಗುಳ್ಳೆ ಕಣ್ಣಿಗೆ ಕಾಣುವುದೇ ಇಲ್ಲ. ಗಟ್ಟಿ ಮೊಸರಿನ ಹಾಗೆ ನುಣುಪಾಗಿ, ಮೇಲೆ ಸಣ್ಣ ಹೊಳಪು, ಬ್ರಶ್ಶು ಎತ್ತಿದರೆ ತುದಿಯಲ್ಲಿ ಒಂದು ಕೊಂಕು. ಎರಡು ಬೆರಳ ನಡುವೆ ಉಜ್ಜಿದರೆ ಜಾರಬೇಕು. ಈ ಹಂತದಲ್ಲಿ ಬಚ್ಚಲ ಬಾಗಿಲು ಬಡಿಯುವ ಸದ್ದು ಕೇಳಿಸಬಹುದು. ಅದು ಸಾಧನದ ದೋಷವಲ್ಲ.

ಗಡ್ಡ ಹೆರೆಯುವ ಕ್ರಮ ಈ ಕೈಪಿಡಿಯ ವ್ಯಾಪ್ತಿಗೆ ಬರುವುದಿಲ್ಲ. ಕೂದಲು ಬಿದ್ದಿರುವ ದಿಕ್ಕಿನಲ್ಲಿ ಹೋಗಿ, ಸಾಕು.

ಮುಗಿದ ಮೇಲೆ ಬ್ರಶ್ಶನ್ನು ಬುಡದವರೆಗೆ ತೊಳೆದು, ಝಾಡಿಸಿ, ಗಾಳಿಯಾಡುವ ಕಡೆ ಇಡತಕ್ಕದ್ದು. ಒದ್ದೆ ಬ್ರಶ್ಶನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿದರೆ ಬೂಷ್ಟು ಹಿಡಿದು ಮುಗ್ಗಲು ವಾಸನೆ ಬರುತ್ತದೆ. ಕೂದಲು ಉದುರಿ ಬೋಳಾದ ಹಳೆಯ ಬ್ರಶ್ಶನ್ನು ಹೊಲಿಗೆ ಮೆಷಿನ್ನಿನ ಧೂಳು ತೆಗೆಯಲು ಮನೆಯವರಿಗೆ ಹಸ್ತಾಂತರಿಸಬಹುದು. ಹೊಸದನ್ನು, ಯಾರೆಷ್ಟೇ ಕೇಳಿದರೂ, ಕೊಡತಕ್ಕದ್ದಲ್ಲ.