ಆಂತರಿಕಾಂಕ ಮೀಮಾಂಸೆ

ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ 500 ಮಂಡಳಿಯವು, 125 ಶಾಲೆಯವು. ಈ 125ರ ಉತ್ಪತ್ತಿಯೇ ಪ್ರಸ್ತುತ ಗ್ರಂಥದ ವಿಷಯ. ಪಾಠ ಮಾಡಿದವರೇ ಪ್ರಶ್ನೆ ತೆಗೆದು, ಅವರೇ ತಿದ್ದಿ, ಅದೇ ಅಂಕದಿಂದ ಅವರ ಯೋಗ್ಯತೆಯೂ ತೀರ್ಮಾನವಾಗುವುದರಿಂದ ಇದು ಶುದ್ಧ ಅದ್ವೈತವೆಂದು ಪಂಡಿತರ ಮತ.

ಪೂರ್ವಪಕ್ಷ: ಅಂಕವೆಂಬುದು ವಿದ್ಯಾರ್ಥಿಯ ಗುಣ. ಸಲ್ಲದು. 20ಕ್ಕೆ 19 ಎಂಬುದು ಶಾಲೆಗೆ ಬಂದವನಲ್ಲೂ ಬಾರದವನಲ್ಲೂ ಸಮನಾಗಿ ಕಾಣುವುದರಿಂದ ಅದು ಆಕಾಶದಂತೆ ಸರ್ವವ್ಯಾಪಿಯಾದ ದ್ರವ್ಯ.

ನ್ಯಾಯಶಾಸ್ತ್ರದ ನಾಲ್ಕು ಪ್ರಮಾಣಗಳೂ ಇಲ್ಲುಂಟು. ಉತ್ತರಪತ್ರಿಕೆ ಪ್ರತ್ಯಕ್ಷ; ತೀರಾ ದುರ್ಬಲ. ಅಕ್ಕ ಜಾಣೆ, ಆದ್ದರಿಂದ ತಮ್ಮನೂ ಜಾಣ ಎಂಬುದು ಅನುಮಾನ. ಕಳೆದ ವರ್ಷದ ಪಟ್ಟಿ ಉಪಮಾನ. ಇವೆಲ್ಲವನ್ನೂ ತಳ್ಳಿಹಾಕುವುದು ಶಬ್ದಪ್ರಮಾಣ, ಅಂದರೆ ಮುಖ್ಯೋಪಾಧ್ಯಾಯರ ಆಪ್ತವಾಕ್ಯ: "ಮೇಡಂ, ಹದಿನೆಂಟಕ್ಕಿಂತ ಕೆಳಗೆ ಯಾರಿಗೂ ಹಾಕ್ಬೇಡಿ. ಆಮೇಲೆ ಬಿಇಓ ಆಫೀಸಿಗೆ ಉತ್ತರ ಕೊಡೋನು ನಾನು."

ಇನ್ನು ಕ್ರಿಯಾವಿಧಿ. ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಒಂದೊಂದಕ್ಕೆ 50. ಪ್ರತಿಯೊಂದರಲ್ಲೂ ಎರಡು ಚಟುವಟಿಕೆ, ಒಂದು ಕಿರುಪರೀಕ್ಷೆ. ಒಟ್ಟು 200ನ್ನು 20ಕ್ಕೆ ಇಳಿಸಬೇಕೆಂಬುದು ವಿಧಿ. ಆಚರಣೆಯಲ್ಲಿ ಮೊದಲು ಹುಟ್ಟುವುದು 20; ಅದರಿಂದ 200, ಅದರಿಂದ ನಾಲ್ಕು ಐವತ್ತುಗಳು, ಕಟ್ಟಕಡೆಗೆ ಫೆಬ್ರವರಿಯಲ್ಲಿ ಕೂತು ಬರೆದ ಜುಲೈ ತಿಂಗಳ ಚಟುವಟಿಕೆ. ಕಾರ್ಯವು ಕಾರಣದೊಳಗೇ ಅಡಗಿದೆ ಎಂದ ಸಾಂಖ್ಯರೂ ಕಾರಣಕ್ಕಿಂತ ಮೊದಲೇ ಕಾರ್ಯ ಹುಟ್ಟೀತೆಂದು ಎಣಿಸಿರಲಿಲ್ಲ. ಚಟುವಟಿಕೆಗೆ ಸಾಕ್ಷಿಯಾಗಿ ಮಳೆನೀರು ಕೊಯ್ಲಿನ ಚಾರ್ಟೊಂದು ಸ್ಟಾಫ್ ರೂಮಿನ ಬೀರುವಿನ ಮೇಲಿದೆ. ಮೂಲೆಯಲ್ಲಿ ಬಿಳಿ ಚೀಟಿ ಅಂಟಿಸಿ ಈ ವರ್ಷದ ಹೆಸರು ಬರೆದಿದೆ. ಬೆಳಕಿಗೆ ಹಿಡಿದರೆ ಹಿಂದಿನ ಜನ್ಮದ ವಿದ್ಯಾರ್ಥಿ ಕಾಣುತ್ತಾನೆ. ಪುನರ್ಜನ್ಮವಾದಿಗಳು ಗಮನಿಸಬೇಕು.

2023ರಲ್ಲಿ ಶೇ. 83.89 ಇದ್ದ ಫಲಿತಾಂಶ, 2024ರಲ್ಲಿ ಪರೀಕ್ಷಾ ಕೊಠಡಿಗೆ ವೆಬ್‌ಕಾಸ್ಟಿಂಗ್ ಬಂದಾಗ, ಕೃಪಾಂಕ ಹೆಚ್ಚಿಸಿದ ಮೇಲೂ 73.40ಕ್ಕೆ ಕುಸಿಯಿತು. ಕ್ಯಾಮೆರಾ ಬೀರುವಿನವರೆಗೆ ಬರಲಿಲ್ಲವಾದ್ದರಿಂದ ನಮ್ಮ ಸಿದ್ಧಾಂತಕ್ಕೆ ಧಕ್ಕೆಯಿಲ್ಲ.

ಆಕ್ಷೇಪ: ಯಾರಾದರೂ ನಿಜವಾಗಿಯೇ ಪ್ರಶ್ನೆ ತೆಗೆದು, ಓದಿ, ತಿದ್ದಿ 11 ಹಾಕಿದರೆ? ಇದೊಂದೇ ಗಂಭೀರ ಪ್ರಶ್ನೆ. ಆ ಹನ್ನೊಂದರಿಂದ ಮಗುವಿಗೆ ಏನು ಬರುವುದಿಲ್ಲವೆಂದು ತಿಳಿಯುತ್ತದೆ. ಇಲಾಖೆಗೆ ಮಾತ್ರ ಟೀಚರಿಗೆ ಏನೂ ಬರುವುದಿಲ್ಲವೆಂದು ತಿಳಿಯುತ್ತದೆ. ಹತ್ತೊಂಬತ್ತಕ್ಕೆ ಯಾರೂ ವಿವರಣೆ ಕೇಳುವುದಿಲ್ಲ, ಹನ್ನೊಂದಕ್ಕೆ ನೋಟಿಸು. ಇದಕ್ಕೆ ಪರಿಹಾರ ಬೋಧನೆಯೆಂಬ ಪ್ರಾಯಶ್ಚಿತ್ತವನ್ನು ವಿಧಿಸಲಾಗಿದೆ: ಒಂದು ಪ್ರತ್ಯೇಕ ವಹಿ, ಅದಕ್ಕೆ ಮೂರು ಫೋಟೋ, ಆಮೇಲೆ 18.